ಮನೆಪತ್ರದಲ್ಲಿಲ್ಲದ ಬಾಲ್ಕನಿಗೆ ಸಾಕಾಗದ ರೇಡಿಯೇಟರ್

ಬಿಸಿನೀರು ಹರಿಸಿ ಕೋಣೆ ಬೆಚ್ಚಗಿಡುವ ರೇಡಿಯೇಟರ್‌ಗಳ ಅಂಗಡಿಯ ಜಾಲತಾಣದಲ್ಲಿ ನೆಲೆಸಿ, ಯಾವ ಕೋಣೆಗೆ ಎಷ್ಟು ದೊಡ್ಡ ರೇಡಿಯೇಟರ್ ಬೇಕೆಂದು ಹೇಳುವ ಲೆಕ್ಕಯಂತ್ರದ ಸನ್ನಿಧಾನಕ್ಕೆ,

ಮಾನ್ಯರೇ,

ನಿಶ್ ಪಟ್ಟಣದ ನಾಲ್ಕನೇ ಮಹಡಿಯ ನಿವಾಸಿಯೂ ನಿವೃತ್ತ ರೈಲ್ವೆ ಗಾರ್ಡೂ ಆದ ಬೊರಿಸಾವ್ ಸ್ತೊಯಿಲ್ಕೊವಿಚ್ ಎಂಬ ನಾನು, ಕೋಟಿನ ಮೇಲೆ ಕಂಬಳಿ ಹೊದ್ದುಕೊಂಡು ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ಭಾವಿಸುತ್ತೇನೆ. ತಮಗಾದರೂ ಚಳಿಯಾಗದು ಎಂಬುದೇ ನಮಗೊಂದು ಸಮಾಧಾನ.

ಹೆರಿಗೆಯಾದ ಮಗಳು ತಿಯಾನಾ ಚಳಿಗಾಲ ಕಳೆಯುವವರೆಗೆ ಕೂಸಿನೊಂದಿಗೆ ನಮ್ಮಲ್ಲೇ ಇರುವುದೆಂದು ನಿಶ್ಚಯವಾದಾಗ, ಅವರ ಕೋಣೆಗೆ ಹೊಸ ರೇಡಿಯೇಟರ್ ಹಾಕಿಸಲು ತಮ್ಮನ್ನು ಆಶ್ರಯಿಸಿದೆ. ತಾವು ವಿಸ್ತೀರ್ಣ ಕೇಳಿದಿರಿ. ಮನೆಪತ್ರದಲ್ಲಿರುವಂತೆ ಹದಿನಾಲ್ಕು ಚದರ ಮೀಟರ್ ಎಂದೆ. ಹೊರಗೋಡೆ ಎಷ್ಟೆಂದಿರಿ, ಒಂದೆಂದೆ. ಕಿಟಕಿಯೂ ಒಂದೇ ಎಂದೆ. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ, ಒಂಬತ್ತು ಲೋಹದ ಪಟ್ಟಿ ಜೋಡಿಸಿದ ರೇಡಿಯೇಟರ್ ಸಾಕೆಂದು ಅಪ್ಪಣೆಯಾಯಿತು. ಅದನ್ನೇ ಹಾಕಿಸಿದೆ.

ಆ ಕೋಣೆಗೊಂದು ಬಾಲ್ಕನಿ ಇತ್ತು. ಎಷ್ಟೋ ವರ್ಷಗಳ ಹಿಂದೆ ನಡುವಿನ ಗೋಡೆ ಒಡೆದು, ಮೂರು ಕಡೆ ಗಾಜು ಹಾಕಿಸಿ, ಅದನ್ನು ಕೋಣೆಗೇ ಸೇರಿಸಿಕೊಂಡೆವು. ನಮ್ಮ ಕಟ್ಟಡದಲ್ಲಿ ಎಲ್ಲರೂ ಹೀಗೇ ಮಾಡಿದ್ದಾರೆ, ಪುರಸಭೆಯ ಪರವಾನಗಿ ಯಾರ ಬಳಿಯೂ ಇಲ್ಲ. ಹಾಗಾಗಿ ಅಪರಿಚಿತರು ವಿಸ್ತೀರ್ಣ ಕೇಳಿದರೆ ಪತ್ರದಲ್ಲಿರುವುದನ್ನೇ ಹೇಳಬೇಕೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ತಾವಾದರೋ ಯಾರ ಕಡೆಯವರೋ ಏನೋ! ನಮ್ಮ ಊರಿನವನು ಯಾವನೇ ಆಗಿದ್ದರೂ, “ಅದಿರ್ಲಿ ಬೊರಣ್ಣ, ಬಾಲ್ಕನಿ ಸೇರಿ ಎಷ್ಟಾಗುತ್ತೆ ಹೇಳು” ಎನ್ನುತ್ತಿದ್ದ. ತಾವು ನಂಬಿಬಿಟ್ಟಿರಿ. ನನ್ನ ಮಾತನ್ನು ಮರುಪ್ರಶ್ನೆಯಿಲ್ಲದೆ ನಂಬಿದವರು ಈವರೆಗೆ ತಾವೊಬ್ಬರೇ, ಅದಕ್ಕೆ ನಾನು ಋಣಿ.

ಕೂಸು ಬಂತು. ರೇಡಿಯೇಟರ್ ಮುಟ್ಟಿದರೆ ಕೈ ಸುಡುತ್ತದೆ, ಸ್ವಲ್ಪ ಆಚೆ ಸರಿದರೆ ಹಲ್ಲು ಕಟಕಟ ಎನ್ನುತ್ತದೆ. ಮೊಮ್ಮಗಳನ್ನು ನೋಡಲು ಪಿರೊತ್‌ನಿಂದ ಬಂದ ಬೀಗಿತಿ ರುಝಿತ್ಸಾ ಕೋಟು ಬಿಚ್ಚದೆಯೇ ಕುಳಿತು, “ನಮ್ಮನೇಲಿ ಸೌದೆ ಒಲೆ ಇದೆ ಬೀಗ್ರೇ. ಅದಕ್ಕೆ ಲೆಕ್ಕ ಗಿಕ್ಕ ಬರಲ್ಲ, ಸುಮ್ನೆ ಉರಿಯುತ್ತೆ” ಎಂದರು. ನನ್ನ ಹೆಂಡತಿ ವೆರಿತ್ಸಾ ಎಲ್ಲರೆದುರಿಗೇ, “ಪುರಸಭೆಗೆ ಹೇಳೋ ಸುಳ್ಳನ್ನ ಆ ಯಂತ್ರಕ್ಕೂ ಹೇಳ್ಬೇಕಿತ್ತೇನ್ರೀ?” ಎಂದಳು. ಪತ್ರದ ಅಳತೆಗೆ ಮೀರಿ ಪಟ್ಟಿ ಹೆಚ್ಚಿಸಬೇಕಾದರೆ, ಇಡೀ ಕಟ್ಟಡದ ರೇಡಿಯೇಟರ್‌ಗಳಿಗೆ ಬಿಸಿನೀರು ಕೊಡುವ ಕಚೇರಿಯವರು ಬಂದು ಕೋಣೆ ಅಳೆಯಬೇಕು. ಅಳೆದರೆ ಬಾಲ್ಕನಿ ಸಿಕ್ಕಿಬೀಳುತ್ತದೆ. ಮರುದಿನ ಮಗಳು ಕೂಸನ್ನೆತ್ತಿಕೊಂಡು ಪಿರೊತ್‌ಗೆ, ಅತ್ತೆಮನೆಗೆ ಹೊರಟುಹೋದಳು. ಮನೆ ಬಿಕೋ ಎನ್ನುತ್ತಿದೆ, ನನಗೆ ಬಹಳ ದುಃಖವಾಗಿದೆ.

ಆದಕಾರಣ, ಪತ್ರದಲ್ಲಿಲ್ಲದ, ಆದರೆ ಚಳಿ ಮಾತ್ರ ವಿಳಾಸ ತಪ್ಪದೆ ಬರುವ ಆ ಐದು ಚದರ ಮೀಟರ್‌ಗೆ ಸಾಲುವಷ್ಟು ಶಾಖವನ್ನು, ಅಂಥದೊಂದು ಜಾಗವಿದೆಯೆಂದು ನಾನು ಎಲ್ಲೂ ಒಪ್ಪಿಕೊಳ್ಳದ ಹಾಗೆ ಲೆಕ್ಕ ಹಾಕಿ ಕೊಡಬೇಕಾಗಿ ಪ್ರಾರ್ಥನೆ. ಅದಾಗದಿದ್ದರೆ ಚಳಿಗೇ ಮನೆಪತ್ರ ತೋರಿಸಿ, ಬಾಲ್ಕನಿಯಿಂದೀಚೆಗೆ ಬರಲು ಅದಕ್ಕೆ ಹಕ್ಕಿಲ್ಲವೆಂದು ತಾವೇ ತಿಳಿಹೇಳಬೇಕು.

ಇತಿ, ತಮ್ಮಷ್ಟು ಸುಲಭವಾಗಿ ಯಾರನ್ನೂ ನಂಬಲಾರದ,
ತಮ್ಮ ವಿಶ್ವಾಸಿ,
ಬೊರಿಸಾವ್ ಸ್ತೊಯಿಲ್ಕೊವಿಚ್

ಮರೆತ ಮಾತು: ಇದು ಬಹಿರಂಗ ಪತ್ರವೆಂಬುದು ಈಗಷ್ಟೇ ಹೊಳೆಯಿತು. ಪುರಸಭೆಯವರು ಓದಿದ್ದರೆ ದಯವಿಟ್ಟು ಬೇಸಿಗೆಯವರೆಗೆ ಕಾಯದೆ ನಾಳೆಯೇ ಬಂದು ಬಾಲ್ಕನಿಯ ಗಾಜು ಕಿತ್ತು, ಮೊದಲಿದ್ದ ಗೋಡೆ ಕಟ್ಟಿಸಲಿ. ಯಂತ್ರದ ಲೆಕ್ಕ ಸರಿಹೋಗುತ್ತದೆ, ಮೊಮ್ಮಗಳು ಮನೆಗೆ ಬರುತ್ತಾಳೆ.