ಅತ್ತೆಯನ್ನು ರೇಡಿಯೋಕ್ಕೆ ಕರೆದ ಮೂರು ನಿಮಿಷ

1984ರ ಫೆಬ್ರವರಿ 11, ಶನಿವಾರ, ಸಂಜೆ ಐದು ಗಂಟೆ ಹತ್ತು ನಿಮಿಷ. ರಾಯಚೂರಿನ ನಮ್ಮ ಕಾಲೇಜಿನ ಸ್ನೇಹ ಸಮ್ಮೇಳನದಲ್ಲಿ ‘ನಗೆ ರೇಡಿಯೋ’ ಎಂಬ ಕಾರ್ಯಕ್ರಮ ಆರಂಭವಾಯಿತು. ಸಂಪಾದಕ, ನಿರ್ದೇಶಕ, ವಾಚಕ, ಎಲ್ಲವೂ ನಾನೇ. ಎಡವಟ್ಟಾಗುವ ಸಂಭವವೇ ಇಲ್ಲ ಎಂದು ಬೆಳಿಗ್ಗೆಯೇ ದಿನಚರಿಯಲ್ಲಿ ಬರೆದಿಟ್ಟಿದ್ದೆ!

ಯೋಜನೆ ಸರಳ. ಆಫೀಸಿನ ಟೆಲಿಫೋನಿಗೆ ಸಭಾಂಗಣದ ಮೈಕನ್ನು ಒತ್ತಿ ಹಿಡಿಯುವುದು. ರೇಡಿಯೋದವರಂತೆ ಯಾರಿಗಾದರೂ ಫೋನು ಮಾಡಿ ಹಾಡಿಸುವುದು. ಅವರಿಗೆ ಗೊತ್ತಿಲ್ಲದಂತೆ ಮುನ್ನೂರು ಮಂದಿ ಕೇಳಿ ನಗುವುದು. ಇದು ನ್ಯಾಯವೇ ಎಂಬ ಪ್ರಶ್ನೆ ನನಗೂ ಬಂದಿತ್ತು. ಅದಕ್ಕೇ ನಿಯಮ ಮಾಡಿಕೊಂಡಿದ್ದೆ: ಯಾರನ್ನೂ ಹೆದರಿಸಬಾರದು, ಪರರನ್ನು ಕಾಡಬಾರದು, ಕೊನೆಯ ಅರ್ಧ ನಿಮಿಷದಲ್ಲಿ ಇದು ತಮಾಷೆ ಎಂದು ಹೇಳಿಬಿಡಬೇಕು. ಪರರನ್ನು ಕಾಡಬಾರದು ಎಂದಮೇಲೆ ಉಳಿದವರು ನೆಂಟರು. ಹೀಗೆ ದೇವದುರ್ಗದ ನನ್ನ ಸೋದರತ್ತೆ ಹುಲಿಗೆಮ್ಮ ಸರ್ವಾನುಮತದಿಂದ ಆಯ್ಕೆಯಾದಳು. ಮತದಾರ ನಾನೊಬ್ಬನೇ.

ಅತ್ತೆಯ ಮನೆಯಲ್ಲಿ ಫೋನಿಲ್ಲ. ಓಣಿಯ ಗೊಬ್ಬರದಂಗಡಿಗೆ ಟ್ರಂಕ್ ಕಾಲ್, ಅಂದರೆ ಎಕ್ಸ್‌ಚೇಂಜಿನವರು ಜೋಡಿಸಿಕೊಡುವ ಮೂರೇ ನಿಮಿಷದ ಕರೆ, ಹಚ್ಚಿದರೆ ಅಂಗಡಿಯವರು ಕೂಗಿ ಕರೆಯುತ್ತಾರೆ. ಒಬ್ಬರನ್ನು ಕರೆದರೆ ಓಣಿಯೆಲ್ಲ ಓಡಿ ಬರುತ್ತದೆ. ದೂರದ ಊರಿನಿಂದ ಫೋನು ಬಂತೆಂದರೆ ಸಾವೋ ಹೆರಿಗೆಯೋ ಆಗಿರಲೇಬೇಕು.

“ಹಲೋ! ಯಾರು ಹೋದ್ರು?” ಎಂದಳು ಅತ್ತೆ, ಏದುಸಿರು ಬಿಡುತ್ತ.

ಸಭಾಂಗಣ ಘೊಳ್ಳೆಂದಿತು. ಮೊದಲ ನಿಯಮ ಮೊದಲ ಮಾತಿಗೇ ಮುರಿಯಿತು! ನಾನು ಕರವಸ್ತ್ರ ಅಡ್ಡ ಹಿಡಿದು, ಗ್ರಾಂಥಿಕ ಕನ್ನಡದಲ್ಲಿ ಮುಂದುವರಿದೆ.

“ಯಾರೂ ಹೋಗಿಲ್ಲ, ತಾಯಿ. ನಾವು ರಾಯಚೂರು ರೇಡಿಯೋದಿಂದ ಮಾತನಾಡುತ್ತಿದ್ದೇವೆ. ತಮ್ಮ ಕಂಠದ ಕೀರ್ತಿ ನಮ್ಮ ಕಿವಿಗೆ ಬಿದ್ದಿದೆ. ದಯವಿಟ್ಟು ಒಂದು ಸೋಬಾನ ಪದ ಹಾಡಿ.”

“ಇಲ್ಲೇ? ಗೊಬ್ಬರದ ವಾಸನಿ ಬಡಿಯಾಕತ್ತದ್ರೀ!”

“ವಾಸನೆ ರೇಡಿಯೋದಲ್ಲಿ ಬರುವುದಿಲ್ಲ.”

ಮತ್ತೆ ನಗು. ಅತ್ತೆ ಗಂಟಲು ಸರಿಮಾಡಿಕೊಂಡು, ಮದುಮಗಳನ್ನು ಹಸೆಗೆ ಕರೆಯುವ ಪದ ಎತ್ತಿದಳು. ಮೊದಲ ಸಾಲಿಗೆ ಹುಡುಗರು ಸಿಳ್ಳೆ ಹೊಡೆದರು. ಆಮೇಲೆ ಸಿಳ್ಳೆ ಕಡಿಮೆಯಾಯಿತು. ಆಮೇಲೆ ಕೆಮ್ಮೂ ಇಲ್ಲ. ನಾನು ಗಡಿಯಾರ ನೋಡುವುದನ್ನೇ ಮರೆತೆ.

ಹಾಡು ಮುಗಿಸಿ ಅತ್ತೆ ಕೇಳಿದಳು: “ರೇಡಿಯೋದಾಗ ಹಾಡಾಕ ರಾಯಚೂರಿಗೆ ಯಾವಾಗ ಬರಬೇಕ್ರೀ?”

ಕೊನೆಯದಾಗಿ ಒಂದು ನಗೆ ಗಿಟ್ಟಲಿ ಎಂದು, “ನಾಳೆಯೇ ಬನ್ನಿ, ಆದರೆ...” ಎಂದೆ.

“ತ್ರೀ ಮಿನಿಟ್ಸ್ ಓವರ್” ಎಂದು ಎಕ್ಸ್‌ಚೇಂಜಿನವರು ಲೈನು ಕಿತ್ತರು. ‘ನಾಳೆಯೇ ಬನ್ನಿ’ ದೇವದುರ್ಗ ಮುಟ್ಟಿತು. ‘ಆದರೆ’ ರಾಯಚೂರಿನಲ್ಲೇ ಉಳಿಯಿತು! ಮತ್ತೆ ಕಾಲ್ ಬುಕ್ ಮಾಡಿದೆ. ಲೈನು ಸಿಗಲೇ ಇಲ್ಲ.

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಅತ್ತೆ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದಳು. ಒಬ್ಬಳೇ ಅಲ್ಲ. ಇಳಕಲ್ ಸೀರೆ ಉಟ್ಟ ಇನ್ನೂ ನಾಲ್ವರು ಹೆಂಗಸರು!

“ಐದು ಮಂದಿ ಯಾಕತ್ತೀ?” ಎಂದೆ.

“ಸೋಬಾನ ಪದ ಒಬ್ಬಾಕೇ ಹಾಡತಾಳೇನಲೇ ಮಲ್ಯಾ? ಒಬ್ಬಾಕಿ ಎತ್ತಬೇಕು, ನಾಲ್ಕು ಮಂದಿ ಹಿಡೀಬೇಕು. ರೇಡಿಯೋದಾಂವಗ ಅಷ್ಟೂ ತಿಳೀವಲ್ದು, ಪಾಪ! ಇವರೆಲ್ಲ ಹತ್ತಿ ಬಿಡಿಸೋ ಕೂಲಿ ಬಿಟ್ಟು ಬಂದಾರ. ಸಂಜಿ ಆರಕ್ಕ ಹಾಡು ಬರ್ತದ ಅಂತ ಹೇಳಿ ಬಂದೀನಿ, ಓಣಿ ಮಂದಿ ಗೊಬ್ಬರದಂಗಡಿ ರೇಡಿಯೋ ಮುಂದ ಕುಂಡರತಾರ. ನಡಿ, ಆಫೀಸು ತೋರಸು.”

ತೋರಿಸಲು ಆಫೀಸು ಎಲ್ಲಿದೆ? ಹೇಳಿಬಿಟ್ಟೆ. ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು. ಮರುಕ್ಷಣ ಅದೇ ಕೈ ನನ್ನ ಬೆನ್ನ ಮೇಲೆ ಕೆಲಸ ಮುಂದುವರಿಸಿತು!

“ಬಿಡವ್ವಾ, ಅವನ್ನ ಬಡದ್ರ ನನ್ನ ಮಾನ ತಿರುಗಿ ಬರ್ತದೇನು?” ಎಂದಳು ಅತ್ತೆ. ದನಿ ಸಣ್ಣಗಾಗಿತ್ತು. “ಹುಲಿಗಿ ಸುಳ್ಳು ಹೇಳಿ ಮೆರದ್ಲು ಅಂತಾರ ಓಣ್ಯಾಗ.” ನನ್ನತ್ತ ತಿರುಗಿದಳು. “ನನ್ನ ಹಾಡಿಗೆ ಮಂದಿ ನಕ್ಕರೇನಲೇ?”

“ಮದಲು ನಕ್ಕರು. ಆಮ್ಯಾಲ ಸುಮ್ಮನಾದ್ರು.”

“ಯಾವ ಸಾಲಿಗೆ ಸುಮ್ಮನಾದ್ರು?”

“ಬರಕೊಂಡಿಲ್ಲ.”

“ಹಲ್ಲು ತಿಕ್ಕಿದ್ದೂ ಬರಕೋತಿ, ಅದೊಂದು ಬರಕೊಂಡಿಲ್ಲ!”

ಆಮೇಲೆ ತೀರ್ಪು ಬಂತು. “ಸಂಜಿ ಆರಕ್ಕ ಅದೇ ಅಂಗಡಿಗೆ ಫೋನು ಹಚ್ಚು. ಮದಲು ನೀ ಖರೇ ಹೇಳು, ನಿನ್ನ ದನಿಯಾಗ. ಆಮ್ಯಾಲ ನಾವು ಹಾಡತೀವಿ.”

ಸಂಜೆ ಆರಕ್ಕೆ ತಾರು ಕಚೇರಿಯ ಫೋನಿನ ಗೂಡಿನಲ್ಲಿ ಐವರು ಹೆಂಗಸರು ಮತ್ತು ನಾನು. ಉಸಿರಾಡಲು ಸರದಿ! ಆ ಕಡೆ ಅಂಗಡಿಯಲ್ಲಿ ಓಣಿಯೆಲ್ಲ ಸೇರಿದ ಸದ್ದು ಕೇಳುತ್ತಿತ್ತು. “ದೇವದುರ್ಗದ ಸಮಸ್ತ ನಾಗರಿಕರಲ್ಲಿ ನನ್ನ ವಿನಮ್ರ...” ಎಂದು ಶುರುಮಾಡಿದೆ. ಅತ್ತೆಯ ಮೊಳಕೈ ಪಕ್ಕೆಗೆ ತಿವಿಯಿತು.

“ನಾನು ಹುಲಿಗೆಮ್ಮನ ಅಳಿಯ ಮಲ್ಯಾ. ರೇಡಿಯೋದಾಂವ ಅಂತ ಸುಳ್ಳು ಹೇಳಿದ್ದು ನಾನು. ನಮ್ಮತ್ತಿ ಸುಳ್ಳು ಹೇಳಿಲ್ಲ.”

ಅತ್ತೆ ಫೋನು ಕಿತ್ತುಕೊಂಡು ಪದ ಎತ್ತಿದಳು. ನಾಲ್ವರೂ ಹಿಡಿದರು. ಮೂರು ನಿಮಿಷ ದಾಟಿತು. ಎಕ್ಸ್‌ಚೇಂಜಿನವರು ಲೈನು ಕೀಳಲಿಲ್ಲ. ಯಾಕೆಂದು ಈಗಲೂ ಗೊತ್ತಿಲ್ಲ.

ಹಾಡು ಮುಗಿದಾಗ ಅಂಗಡಿಯವರ ದನಿ ಕೇಳಿಸಿತು: “ಭಾಳ ಛಲೋ ಆತು ಹುಲಿಗೆಮ್ಮಾ. ಆದ್ರ ಮದಲು ಮಾತಾಡಿದ್ನಲ್ಲ, ಅವನ್ನ ಮಾತ್ರ ರೇಡಿಯೋದಾಗ ತಗೋಬ್ಯಾಡಂತ ಹೇಳು!”

ಒಪ್ಪಿಗೆ ಕೇಳದೆ ನಗಿಸಿದರೆ ಅನ್ಯಾಯ, ಕೇಳಿ ನಗಿಸಿದರೆ ನಗು ಬರುವುದಿಲ್ಲ. ಇವೆರಡರ ನಡುವೆ ದಾರಿ ಇದ್ದರೆ ಬಲ್ಲವರು ಬರೆದು ತಿಳಿಸಬೇಕು. ಹಾಗೆಯೇ ಆ ಶನಿವಾರ ನಮ್ಮ ಸಭಾಂಗಣದಲ್ಲಿ ಕೂತಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ, ನಗು ಯಾವ ಸಾಲಿಗೆ ನಿಂತಿತೆಂದು ಒಂದು ಕಾರ್ಡು ಹಾಕಿ. ಅತ್ತೆ ನನ್ನನ್ನು ಕಂಡಾಗಲೆಲ್ಲ ಮೊದಲು ಅದನ್ನೇ ಕೇಳುತ್ತಾಳೆ. ಊಟ ಆಮೇಲೆ!