ಕುಂಡದಿಂದ ಕದಲದ ಗಣಪ

ವಿಜ್ಞಾನದ ಮೇಷ್ಟ್ರುಗಳಿಗೆ ಒಂದು ಕೆಟ್ಟ ಚಟವಿದೆ. ಮನೆಯಲ್ಲಿ ಏನು ನಡೆದರೂ ಅದನ್ನು ಪಾಠ ಮಾಡಿಬಿಡುತ್ತೇವೆ. ಹಾಲು ಉಕ್ಕಿದರೆ ಒಲೆ ಆರಿಸುವುದನ್ನು ಬಿಟ್ಟು, ಅದು ಯಾಕೆ ಉಕ್ಕಿತು ಎಂದು ವಿವರಿಸಲು ನಿಲ್ಲುತ್ತೇವೆ. ಹಲಸೂರಿನ ಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಪಾಠ ಮಾಡುತ್ತಿರುವ ನನಗೆ ಈ ಚಟ ವಿಪರೀತ. ನನ್ನ ಹೆಂಡತಿ ವಿಮಲಾ ಅದನ್ನು ಸಹಿಸಿಕೊಂಡು ಬಂದಿದ್ದಾಳೆ. ಆದರೆ ಈ ಸಲ ನನ್ನ ಪಾಠದ ಹುಚ್ಚಿನಿಂದ ಸಾಕ್ಷಾತ್ ಗಣಪತಿಯೇ ನಮ್ಮ ತಾರಸಿಯ ಕುಂಡದಲ್ಲಿ ಸಿಕ್ಕಿಹಾಕಿಕೊಂಡ.

ಹಬ್ಬದ ಮಾರನೆಯ ದಿನ ನಮ್ಮ ಕೆರೆಯನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ನೀರಿನ ಮೇಲೆ ಬಣ್ಣದ ಕೆನೆ, ದಡದಲ್ಲಿ ಮುರಿದ ಸೊಂಡಿಲುಗಳು. ಅದಕ್ಕೇ ಈ ವರ್ಷ ಬೀಜದ ಗಣಪನನ್ನು ತಂದೆ. ಬರೀ ಜೇಡಿಮಣ್ಣಿನ ಮೂರ್ತಿ, ಹೊಟ್ಟೆಯೊಳಗೆ ಟೊಮೆಟೊ ಬೀಜ. ಪೂಜೆ ಮುಗಿಸಿ ಬಕೆಟ್ಟಿನಲ್ಲಿ ಕರಗಿಸಿ, ಆ ಮಣ್ಣನ್ನು ಕುಂಡಕ್ಕೆ ಸುರಿದರೆ ಗಿಡ ಬರುತ್ತದೆ. ಮಕ್ಕಳಿಗೆ ತೋರಿಸೋಣವೆಂದು ವಿಸರ್ಜನೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡೆ. ಗಿಡವೂ ಮಾತು ಉಳಿಸಿಕೊಂಡಿತು. ಕಾರ್ತಿಕದ ಹೊತ್ತಿಗೆ ಹನ್ನೊಂದು ಹಣ್ಣು ಕೆಂಪಗೆ ತೂಗುತ್ತಿದ್ದವು. ನಾನು ಬೀಗಿದ್ದೇ ಬೀಗಿದ್ದು.

ವಿಸರ್ಜನೆಯ ಹೊತ್ತಿಗೆ ಅಡುಗೆಮನೆಯಲ್ಲಿದ್ದ ವಿಮಲಾಗೆ ಒಂದು ಭಾನುವಾರ ಆ ವಿಡಿಯೋವನ್ನು ತೋರಿಸಿದೆ. ಅರ್ಧ ನೋಡುವಷ್ಟರಲ್ಲಿ ಅವಳು ಕಾಫಿ ಲೋಟ ಕೆಳಗಿಟ್ಟಳು.

"ರೀ, ಕದಲಿಸಿದ್ದು ಎಲ್ಲಿ?"

ಗೊತ್ತಲ್ಲ, ಪುನಃಪೂಜೆ ಆದಮೇಲೆ ಮೂರ್ತಿಯನ್ನು ಉತ್ತರಕ್ಕೆ ಒಂದಿಷ್ಟು ಸರಿಸಬೇಕು. ಆಗಲೇ ದೇವರು ಮೂರ್ತಿಯನ್ನು ಬಿಟ್ಟು ಹೊರಟ ಎಂದು ಲೆಕ್ಕ. ವಿಡಿಯೋದಲ್ಲಿ ನಾನು ಜೇಡಿಮಣ್ಣಿನ ಗುಣಗಳ ಬಗ್ಗೆ ಉದ್ದಕ್ಕೆ ಮಾತಾಡಿ, ಮೂರ್ತಿಯನ್ನು ಪೀಠದಿಂದ ಎತ್ತಿ ನೇರವಾಗಿ ಬಕೆಟ್ಟಿಗೆ ಇಳಿಸಿದ್ದೆ. ಮೂರು ಸಲ ಹಿಂದಕ್ಕೆ ಓಡಿಸಿ ನೋಡಿದೆವು. ಸಾಕ್ಷ್ಯವಿಲ್ಲದೆ ಏನನ್ನೂ ಒಪ್ಪಬೇಡಿ ಎಂದು ಮಕ್ಕಳಿಗೆ ಹೇಳುವವನು ನಾನು. ಇಲ್ಲಿ ಸಾಕ್ಷ್ಯ ನನ್ನ ಕೈಯಲ್ಲೇ ಇತ್ತು.

"ಅಂದ್ರೆ ಇನ್ನೂ ಇಲ್ಲೇ ಇದ್ದಾನೆ," ಎಂದಳು ವಿಮಲಾ.

ಅಂದಿನಿಂದ ಕುಂಡಕ್ಕೆ ಎರಡು ಹೊತ್ತು ದೀಪ, ನೈವೇದ್ಯ. ಹಣ್ಣು ಮುಟ್ಟುವಂತಿಲ್ಲ. ದೇವರು ಕೂತಿರುವ ಮನೆಗೆ ಬೀಗ ಹಾಕುವಂತಿಲ್ಲ. ಹಣ್ಣಿನ ವಿಷಯ ಹಾಳಾಗಿ ಹೋಗಲಿ, ಬೀಗದ ವಿಷಯ ದೊಡ್ಡದಾಯಿತು. ಕೋಲಾರದಲ್ಲಿ ಅವಳ ತಂಗಿ ಸುಮಾಳ ಸೀಮಂತ ಹತ್ತಿರ ಬಂದಿತ್ತು. ತಾಯಿಯಿಲ್ಲದ ಹುಡುಗಿ, ವಿಮಲಾಳೇ ತಲೆ ಬಾಚಿ ಬೆಳೆಸಿದವಳು. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಬಸುರಿಯಾಗಿದ್ದಳು. ವಿಮಲಾ ಮಡಿಲು ತುಂಬಲು ಹಸಿರು ಸೀರೆ ತಂದು, ದಿನಕ್ಕೊಮ್ಮೆ ಬೀರು ತೆಗೆದು ಅದನ್ನು ಸವರಿ ಮತ್ತೆ ಒಳಗಿಡುತ್ತಿದ್ದಳು. "ನೀವೊಬ್ರೇ ಹೋಗ್ಬನ್ನಿ," ಎಂದಳು. ನಾನೇ ಇರುತ್ತೇನೆ, ನೀನು ಹೋಗು ಎಂದರೆ, "ನಿಮ್ಮನ್ನ ನಂಬ್ಕೊಂಡು ಹೋದ್ರೆ ಸಾಯಂಕಾಲಕ್ಕೇ ಟೊಮೆಟೊ ಸಾರು ಮಾಡ್ಕೊಂಡಿರ್ತೀರಿ," ಎಂದಳು. ಅದು ಸುಳ್ಳೇನಲ್ಲ.

ವಾದ ಮಾಡಿದೆ. ಮಣ್ಣು ಮಣ್ಣೇ, ಗಿಡ ಗಿಡವೇ ಎಂದೆ. ಕುಂಡದ ನೀರೆಲ್ಲ ಎಲೆಗಳ ಮೂಲಕ ಆವಿಯಾಗಿ ಎಂದೋ ಮೋಡ ಸೇರಿದೆ, ನಿನ್ನ ಗಣಪನೂ ಹಾಗೇ ಹೋಗಿರುತ್ತಾನೆ ಎಂದೆ. ವಿಮಲಾ ಸಿಟ್ಟಾಗಲಿಲ್ಲ. "ಹೋಗೋದು ಬೇರೆ, ಕಳಿಸಿಕೊಡೋದು ಬೇರೆ ರೀ. ಮನೆಗೆ ಬಂದ ನೆಂಟರನ್ನ ಹೋಗ್ಬನ್ನಿ ಅನ್ನದೆ ಬಿಡ್ತೀವಾ?" ಎಂದಳು. ಅವಳ ಕಣ್ಣು ತುಂಬಿದ್ದು ನೋಡಿ ನನಗೂ ಸಂಕಟವಾಯಿತು.

ದಾರಿ ತೋರಿಸಿದವರು ಕೆಳಗಿನ ಮನೆಯ ಸೆಲ್ವಿಯಮ್ಮ. ಹಲಸೂರು ಮಾರ್ಕೆಟ್ಟಿನಲ್ಲಿ ಹೂ ಮಾರುತ್ತಾರೆ. ದಿನಾ ಕುಂಡಕ್ಕೆ ಮೊಳ ಹೂ ಕೊಡುತ್ತಿದ್ದವರಿಗೆ ವಿಷಯ ತಿಳಿದು, "ಅದಕ್ಕೇನು ಸಾರ್, ಅವತ್ತು ಮರೆತ್ರಿ, ಇವತ್ತು ಮಾಡಿ. ಕುಂಡಾನೇ ಸ್ವಲ್ಪ ತಳ್ಳಿ. ಅವನೇನು ಕೋಪ ಮಾಡ್ಕೊಳಲ್ಲ," ಎಂದರು. ವಿಮಲಾಳ ಮುಖ ಅರಳಿತು. ನಾನು ಮಾತ್ರ ಗಂಭೀರವಾಗಿಬಿಟ್ಟೆ. ಮಾಡುವುದಾದರೆ ಸರಿಯಾಗಿ ಮಾಡಬೇಕು, ಅಂದಾಜಿನ ಉತ್ತರ ಒಪ್ಪುವವನಲ್ಲ ನಾನು. ಶಾಲೆಯ ಪ್ರಯೋಗಾಲಯದಿಂದ ದಿಕ್ಸೂಚಿ ತಂದೆ. ಕುಂಡದ ಪಕ್ಕದಲ್ಲಿಟ್ಟು ಸೂಜಿ ನಿಲ್ಲುವವರೆಗೆ ಉಸಿರು ಬಿಗಿಹಿಡಿದು ಕಾದು, ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಆ ಗೆರೆಯ ಮೇಲೆ ಒಂದು ಗೇಣು ತಳ್ಳಿದೆ. ವಿಮಲಾ ಕೈಮುಗಿದು, "ಹೋಗ್ಬಾ ತಂದೆ, ಮುಂದಿನ ವರ್ಷ ಬಾ," ಎಂದಳು. ತಳ್ಳುವ ಮುಂಚೆ ಚಪ್ಪಲಿ ಬಿಟ್ಟದ್ದು ಕಾದ ತಾರಸಿಯಲ್ಲಿ ಕಾಲು ಸುಟ್ಟಾಗಲೇ ನನಗೆ ಗೊತ್ತಾದದ್ದು.

ಹಣ್ಣುಗಳನ್ನು ಕಿತ್ತುಕೊಂಡು, ಮನೆಗೆ ಬೀಗ ಹಾಕಿಕೊಂಡು ಕೋಲಾರಕ್ಕೆ ಹೋದೆವು. ಸುಮಾ ಅಕ್ಕನನ್ನು ಕಂಡು ಅತ್ತಳು, ನಕ್ಕಳು. ನಮ್ಮ ಹನ್ನೊಂದು ಹಣ್ಣಿನ ಗೊಜ್ಜು ಮಾಡಿಸಿ, ಬಸುರಿ ಬಯಕೆಯೆಂದು ಎರಡೆರಡು ಸಲ ಹಾಕಿಸಿಕೊಂಡು ಉಂಡಳು. ವಿಮಲಾ ಎದುರಿಗೆ ಕೂತು ಅವಳು ಉಣ್ಣುವುದನ್ನೇ ನೋಡುತ್ತಿದ್ದಳು. ನನ್ನ ಎಲೆಗೂ ಗೊಜ್ಜು ಬಿತ್ತು. ಕಲಸಿ ತುತ್ತು ಎತ್ತಿದವನ ಕೈ ಅಲ್ಲೇ ನಿಂತಿತು. ನಮ್ಮ ಕುಂಡ ಇರುವುದು ನೀರಿನ ಟ್ಯಾಂಕಿನ ಸ್ಟ್ಯಾಂಡಿನ ಬುಡದಲ್ಲಿ. ಆ ಸ್ಟ್ಯಾಂಡು ಅಪ್ಪಟ ಕಬ್ಬಿಣದ್ದು. ಕಬ್ಬಿಣದ ಹತ್ತಿರ ದಿಕ್ಸೂಚಿ ಇಟ್ಟರೆ ಸೂಜಿ ದಾರಿ ತಪ್ಪುತ್ತದೆ ಎಂದು ಪ್ರತಿ ವರ್ಷ ಮಕ್ಕಳಿಗೆ ಹೇಳಿಕೊಡುವವನು ನಾನೇ.

"ಯಾಕ್ರೀ, ಖಾರ ಆಯ್ತಾ?" ಎಂದಳು ವಿಮಲಾ.

"ಇಲ್ಲ. ಊಟ ಆದ್ಮೇಲೆ ಬೇಗ ಹೊರಟುಬಿಡೋಣ."

"ಮನೇಲಿ ಯಾರಿದ್ದಾರೆ ಅಂತ ಇಷ್ಟು ಅವಸರ?"

ವಿಜ್ಞಾನದ ಮೇಷ್ಟ್ರು ತಲೆ ತಗ್ಗಿಸಿ ಇನ್ನೊಂದು ಸೌಟು ಅನ್ನ ಹಾಕಿಸಿಕೊಂಡರು.