ಗೋಣು ಆಡಿಸಿದ ಅಂಪೈರು

ಕುಮಟಾದ ಸುತ್ತಮುತ್ತ ವಾಲಿಬಾಲ್ ಪಂದ್ಯ ಎಲ್ಲೇ ನಡೆಯಲಿ, ಅಂಪೈರ್ ಕುರ್ಚಿ ನನ್ನದೇ. ಹೈಸ್ಕೂಲಿನ ವ್ಯಾಯಾಮ ಶಿಕ್ಷಕನ ಸೀಟಿಗೆ ಅಷ್ಟು ಮರ್ಯಾದೆ ಇತ್ತು. ‘ಇತ್ತು’ ಎಂಬುದನ್ನು ದಯವಿಟ್ಟು ಗಮನಿಸಿ.

ಬಾಡ ಊರಿನಲ್ಲಿ ಬಾಡ ಮತ್ತು ಹೊನ್ನಾವರ ತಂಡಗಳ ಫೈನಲ್ ಪಂದ್ಯ. ಅದರ ಹಿಂದಿನ ದಿನ ಹೊಸ ಚಷ್ಮಾ ಬಂತು. ಮೇಲ್ಭಾಗದಲ್ಲಿ ದೂರದ್ದು, ಕೆಳಭಾಗದಲ್ಲಿ ಓದುವುದು, ಎಲ್ಲ ಒಂದೇ ಗಾಜಿನಲ್ಲಿ!

“ಕಣ್ಣು ಹೊರಳಿಸಬೇಡಿ ಸರ್, ಗೋಣನ್ನೇ ತಿರುಗಿಸಿ. ಸ್ವಲ್ಪ ದಿನ ಮನೇಲೇ ಹಾಕ್ಕಂಡು ರೂಢಿ ಮಾಡ್ಕಳಿ” ಎಂದರು ಅಂಗಡಿಯವರು.

“ನಾಳೆ ಹಳೇದನ್ನೇ ಹಾಕ್ಕಳಿ” ಎಂದಳು ಹೆಂಡತಿ ಸುಮತಿ. ಕಾಲೇಜಿನಲ್ಲಿ ವಾಲಿಬಾಲ್ ಆಡಿದವಳು.

“ಎಂತಕ್ಕೆ? ಇದ್ರಲ್ಲಿ ಇರುವೆ ಕಾಲೂ ಕಾಣ್ತದೆ!”

ಮರುದಿನ ಸಂಜೆ ಏಣಿ ಹತ್ತಿ ಎತ್ತರದ ಕುರ್ಚಿಯಲ್ಲಿ ವಿರಾಜಮಾನನಾದೆ. ನೋಡುತ್ತೇನೆ, ನೆಟ್ ಬಾಗಿದೆ! “ಬಿಗಿ ಮಾಡ್ರೋ” ಎಂದೆ. ಎಳೆದರು. ಇನ್ನೂ ಬಾಗಿತ್ತು. ಮತ್ತೆ ಎಳೆಸಿದೆ. ಕೊನೆಗೆ ಕಂಬವೇ ಓರೆಯಾಯಿತು. ಆಗ ನನಗೆ ನೆಟ್ ನೇರವಾಗಿ ಕಂಡಿತು.

ಆಟ ಶುರುವಾಯಿತು. ಹೊನ್ನಾವರದವರು ಹೊಡೆದ ಚೆಂಡು ಗೆರೆಯ ಹತ್ತಿರ ಬಿತ್ತು. ಒಳಗೋ ಹೊರಗೋ? ಕಣ್ಣು ಕೆಳಗಿಳಿಸಿದರೆ ಓದುವ ಗಾಜು, ಗೆರೆಯೆಲ್ಲ ಗಂಜಿ! ಗದ್ದ ತಗ್ಗಿಸಿದೆ, ಎತ್ತಿದೆ, ಮತ್ತೆ ತಗ್ಗಿಸಿದೆ. ಅಂಪೈರ್ ಹೂಂ ಎಂದರೆಂದು ಹೊನ್ನಾವರದವರು ಕುಣಿದರು.

“ಎಂತ ಸರ್, ಹೊರಗೆ ಬಿದ್ದದ್ದಲ್ದಾ?” ಬಾಡದ ನಾಯಕ ಓಡಿಬಂದ. ಅವನ ಮುಖ ಹುಡುಕಲು ಗೋಣನ್ನು ಎಡಕ್ಕೆ ಬಲಕ್ಕೆ ಆಡಿಸಿದೆ. ಪಾಯಿಂಟ್ ರದ್ದಾಯಿತೆಂದು ಬಾಡದವರು ಕುಣಿದರು. ಒಂದೇ ಪಾಯಿಂಟಿಗೆ ಎರಡೂ ತಂಡ ಕುಣಿದ ಪಂದ್ಯ ಜಗತ್ತಿನಲ್ಲಿ ಅದೊಂದೇ ಇರಬೇಕು!

ಮುಂದಿನ ಸಾಲಿನಲ್ಲಿ ಕೂತಿದ್ದ ಸುಮತಿ ‘ಚಷ್ಮಾ ತೆಗೀರಿ’ ಎಂದು ಕೈಸನ್ನೆ ಮಾಡುತ್ತಿದ್ದಳು. ಏನೆಂದು ನೋಡಲು ಗೋಣು ಆಡಿಸಿದೆ. ಸ್ಕೋರ್ ಬರೆಯುವವನು ಇನ್ನೊಂದು ಪಾಯಿಂಟ್ ಏರಿಸಿದ.

ಹೇಗೋ ಕೊನೆಯ ಪಾಯಿಂಟಿಗೆ ಬಂದೆವು. ಅದು ಸಿಕ್ಕರೆ ಬಾಡಕ್ಕೆ ಕಪ್. ನಾಯಕ ಮೇಲೆ ಹಾರಿದ. ಅಷ್ಟರಲ್ಲಿ ಕಣ್ಣಂಚಿನಲ್ಲಿ ಬೆಳ್ಳಗಿನ ಉಂಡೆಯೊಂದು ಉರುಳಿ ಅಂಕಣದೊಳಗೆ ಬಂತು. ಸೀಟಿ ಊದಿಯೇ ಬಿಟ್ಟೆ!

“ನಿಲ್ಲಿಸಿ! ಇನ್ನೊಂದು ಬಾಲ್ ಒಳಗೆ ಬಂತು!”

ನಾಯಕನ ಹೊಡೆತ ಅದೇ ಕ್ಷಣಕ್ಕೆ ಎದುರಾಳಿ ಅಂಕಣದ ನಟ್ಟನಡುವೆ ಬಿತ್ತು. ಎಲ್ಲರೂ ನನ್ನ ಎರಡನೇ ಬಾಲನ್ನು ನೋಡಿದರು.

ಬಾಲ್ “ಮ್ಯಾಂವ್” ಎಂದಿತು.

ಆಮೇಲಿನ ಗಲಾಟೆಯನ್ನು ವರ್ಣಿಸಲಾರೆ. ಪಂದ್ಯ ನಡೆಸುತ್ತಿದ್ದ ಗಣಪಯ್ಯಣ್ಣ ಕುರ್ಚಿಯ ಬುಡಕ್ಕೆ ಬಂದು, “ಮಾಸ್ತರ್ರೆ, ಬೇಜಾರ ಮಾಡ್ಕಬೇಡಿ, ಒಂಚೂರು ಕೆಳಗೆ ಇಳೀರಿ” ಎಂದ. ಇಳಿದೆ. ಚಷ್ಮಾ ತೋರಿಸಿದ ಜಾಗದಲ್ಲಿ ಕೊನೆಯ ಮೆಟ್ಟಿಲು ಇರಲಿಲ್ಲ. ಉಸುಕಿನ ಮೇಲೆ ಸಾಷ್ಟಾಂಗ!

ಸುಮತಿ ಓಡಿಬಂದಳು. ಎತ್ತಲು ಬಂದಳೆಂದು ಕೈ ಚಾಚಿದೆ. ಅವಳು ನನ್ನ ಕೈಯಲ್ಲಿದ್ದ ಸೀಟಿ ತೆಗೆದುಕೊಂಡು ಏಣಿ ಹತ್ತಿದಳು! ಆ ಪಾಯಿಂಟನ್ನು ಮತ್ತೆ ಆಡಿಸಿದಳು. ಬಾಡ ಗೆದ್ದಿತು. ಹೊನ್ನಾವರದವರೂ ಚಪ್ಪಾಳೆ ತಟ್ಟಿದರು. ಒಬ್ಬರಾದರೂ ತಕರಾರು ಮಾಡಬೇಡವೇ?

ಎರಡು ದಿನ ಬಿಟ್ಟು ಫೋನ್ ಬಂತು. “ಸರ್, ಮುಂದಿನ ವಾರ ಹೊನ್ನಾವರದಲ್ಲಿ ಪಂದ್ಯ ಉಂಟು. ಅಂಪೈರ್ ಬೇಕಾಗಿತ್ತು.”

ನನ್ನ ಎದೆ ಉಬ್ಬಿತು. “ಆತು, ಖಂಡಿತ! ಎಷ್ಟೊತ್ತಿಗೆ ಬರ್ಲಿ?”

ಆ ಕಡೆ ಕೆಮ್ಮು ಕೇಳಿಸಿತು.

“ನೀವಾ? ನೀವು ಯಾವಾಗಾದ್ರೂ ಬನ್ನಿ ಸರ್, ತೊಂದ್ರೆ ಇಲ್ಲ. ಫೋನ್ ಒಂಚೂರು ಸುಮತಿ ಅಕ್ಕಂಗೆ ಕೊಡಿ.”